ರಿಮ್ಮಿಗೆ ಹಚ್ಚಿದ ದೀಪದೆಣ್ಣೆ

ತಿರುವಲ್ಲಿಕೇಣಿಯ ನಮ್ಮ ನೆರೆಮನೆಯ ಬದರಿನಾಥರು ದಿನವೂ ಪೂಜೆ ಮುಗಿಸಿ, ದೇವರ ದೀಪದಲ್ಲಿ ಉಳಿದ ಎಣ್ಣೆಯನ್ನು ಚೆಲ್ಲಬಾರದೆಂದು ಸೈಕಲ್ಲಿನ ರಿಮ್ಮುಗಳಿಗೆ ಸವರಿ ತಿಕ್ಕುತ್ತಿದ್ದರು. ಆ ಹೊಳಪಿನಲ್ಲೇ ಮುಖ ನೋಡಿಕೊಂಡು ಹಣೆಗೆ ಅಂಗಾರ-ಅಕ್ಷತೆ ಇಟ್ಟುಕೊಳ್ಳುತ್ತಿದ್ದರು. ಬ್ರೇಕಿನ ರಬ್ಬರು ಆ ನುಣುಪಿನ ಮೇಲೆ ಜಾರುತ್ತಿದ್ದುದರಿಂದ ಚಪ್ಪಲಿಯನ್ನು ನೆಲಕ್ಕೆ ಉಜ್ಜಿಯೇ ಸೈಕಲ್ಲು ನಿಲ್ಲಿಸಬೇಕಿತ್ತು. ತಿಂಗಳಿಗೊಂದು ಜೊತೆ ಸವೆಯುತ್ತಿತ್ತು. "ಎಣ್ಣೆ ಹಚ್ಚಬೇಡಿ ಸಾರ್" ಎಂದು ನಾನು ಹೇಳಿದರೆ, "ಚುಮ್ಮಾ ಇರಯ್ಯಾ, ದೇವರ ಎಣ್ಣೆ ಕೇಡು ಮಾಡ್ತದೇನು?" ಎನ್ನುತ್ತಿದ್ದರು. ಒಂದು ಸಂಜೆ ಜಟಕಾ ಅಡ್ಡ ಬಂದು, ಬ್ರೇಕು ಹಿಡಿಯದೆ, ಕ್ಯಾರಿಯರಿನಲ್ಲಿ ಕೂತಿದ್ದ ಅವರ ಹೆಂಡತಿ ರಮಾಬಾಯಿ ಬಿದ್ದರು. ಆಕೆ ಈಗಲೂ ಕುಂಟುತ್ತಾರೆ. ಯಾರಾದರೂ ಕೇಳಿದರೆ, "ಬಚ್ಚಲಲ್ಲಿ ಜಾರಿದೆ" ಎಂದುಬಿಡುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಬದರಿನಾಥರು ಒರಟು ಉಪ್ಪುಕಾಗದ ಹಿಡಿದು, ತಮ್ಮ ಮುಖ ಕಾಣದಂತಾಗುವವರೆಗೆ ರಿಮ್ಮು ಉಜ್ಜುತ್ತಾರೆ.