ಬಾಟಲಿಯ ಅಂಗಿಗೆ ಒಂದು ಜೋಳದ ಕಾಳು

ಠಾಣಾ ಕುಶನೂರಿಗೆ ಇನ್ನೂ ಮೊದಲ ಬಸ್ಸು ಬಂದಿಲ್ಲ. ಕೌಸಲ್ಯಾಬಾಯಿ ಒಲೆಯ ಮುಂದೆ ಕೂತು ಒಂದು ಹಿಡಿ ಜೋಳ ಹುರಿಯುತ್ತಿದ್ದಾರೆ. ತಿನ್ನಲಿಕ್ಕಲ್ಲ, ಹೊಲಿಯಲಿಕ್ಕೆ. ಕಾಳು ಚಟಪಟ ಅನ್ನುವುದು ನಿಂತ ಮೇಲೆ ಹೆಂಚು ಇಳಿಸುತ್ತಾರೆ. ಪಕ್ಕದಲ್ಲಿಟ್ಟ ಬೀರ್ ಬಾಟಲಿಯ ಚೀಲ ಎತ್ತಿ, ಅದರ ತಳದ ಪದರದೊಳಗೆ ಒಂದೇ ಒಂದು ಕಾಳು ತುರುಕಿ, ನಾಲ್ಕು ಹೊಲಿಗೆಯಲ್ಲಿ ಮುಚ್ಚಿಬಿಡುತ್ತಾರೆ.

ಅಷ್ಟರಲ್ಲಿ ಗೋಡೆಯ ಆಚೆ ಹೊಲಿಗೆ ಯಂತ್ರ ಶುರುವಾಗುತ್ತದೆ. ಕೌಸಲ್ಯಾಬಾಯಿಯ ಸೂಜಿ ನಿಲ್ಲುತ್ತದೆ. ಪತ್ರಿಕೆಗೆ ಬರೆಯಲು ಬಂದ ನಮ್ಮ ಕಡೆ ತಿರುಗುತ್ತಾರೆ.

"ಎದ್ದಳು ನೋಡ್ರಿ ಮಹಾರಾಣಿ. ಆ ಸಪ್ಪಳ ಕೇಳಿದ್ರ ನನ್ನ ಹೊಟ್ಟಿ ಉರೀತದ್ರಿ. ಸುಳ್ಳ ಯಾಕ ಹೇಳ್ಲಿ?"

ಮಹಾರಾಣಿ ಎಂದರೆ ಸುಮನ, ಅವರ ಮೈದುನನ ಹೆಂಡತಿ. ಒಂದೇ ಮನೆಗೆ ಸೊಸೆಯರಾಗಿ ಬಂದವರು, ಒಬ್ಬಳೇ ಅತ್ತೆಯ ಹತ್ತಿರ ಕೌದಿ ಹೊಲಿಯಲು ಕಲಿತವರು. ಈಗ ನಡುವೆ ಗೋಡೆ ಎದ್ದಿದೆ. ಇತ್ತ ಸೂಜಿ, ಅತ್ತ ಯಂತ್ರ. ಕೌಸಲ್ಯಾಬಾಯಿ ದಿನಕ್ಕೆ ಆರು ಚೀಲ ಮುಗಿಸಿದರೆ ಸುಮನ ಇಪ್ಪತ್ತು ಮುಗಿಸುತ್ತಾಳೆ.

ಐವತ್ತನಾಲ್ಕು ವರ್ಷದ ಕೌಸಲ್ಯಾಬಾಯಿ ಬೀರ್ ಬಾಟಲಿಗೆ ಅಂಗಿ ಹೊಲಿಯಲು ಶುರು ಮಾಡಿ ಮೂರು ಬೇಸಿಗೆಯಾಯಿತು. ಭಾಲ್ಕಿಯಲ್ಲಿ ಬಾರ್ ನಡೆಸುವ ಸತೀಶಕುಮಾರ ಒಮ್ಮೆ ಇವರ ಹೊಲದ ನೀರಿನ ಬಾಟಲಿಗೆ ಸುತ್ತಿದ್ದ ಕೌದಿ ಚೀಲ ನೋಡಿ, ದೊಡ್ಡ ಬಾಟಲಿಗೂ ಹೀಗೇ ಬೇಕು ಎಂದಿದ್ದ. ಹೊರಗೆ ಹಳೆಯ ಸೀರೆ, ನಡುವೆ ಕಂಬಳಿ ತುಂಡು, ಒಳಗೆ ಬೆಳ್ಳಿ ಬಣ್ಣದ ಫೋಮ್ ಹಾಳೆ. ಹೊರಗೆ ಬಿಸಿಲು ಕುದಿಯುತ್ತಿದ್ದರೂ ಒಳಗಿನದು ಒಂದು ತಾಸು ತಣ್ಣಗಿರುತ್ತದೆ.

ಅಳತೆಗೆಂದು ಒಂದು ಖಾಲಿ ಬಾಟಲಿ ಕಿಟಕಿಯಲ್ಲಿ ಇಟ್ಟಿದ್ದೇ ತಡ, ಗಂಡ ಕಾಶೀರಾಮ ಕುಡಿಯಲು ಕಲಿತಿದ್ದಾನೆ ಎಂದು ಊರಲ್ಲಿ ಸುದ್ದಿಯಾಯಿತು. ಚಹಾ ಬಿಟ್ಟು ಬೇರೇನೂ ಮುಟ್ಟದ ಮನುಷ್ಯ.

"ಕುಡೀಬಾರ್ದು ಅಂತ ಬುದ್ಧನ ಪಂಚಶೀಲ ಹೇಳೋ ಮನ್ಯಾಗ ಇದೇನ ಹಚ್ಚಿದಿ ಅಂತ ಒಂದ್ ವಾರ ಮಾತ ಬಿಟ್ಟಿದ್ರು. ನಾ ಕುಡಿಯಂಗಿಲ್ಲ, ಕುಡಸಂಗಿಲ್ಲ, ಬಾಟ್ಲಿಗಿ ಅಂಗಿ ಹೊಲೀತೇನಿ ಅಷ್ಟೇ ಅಂದೆ. ಈಗ ಅವರೇ ಸೂಜಿಗಿ ದಾರ ಪೋಣಸ್ತಾರ."

"ಕಣ್ಣ ಕಾಣಂಗಿಲ್ಲ ಅಕಿಗಿ," ಎಂದು ಕಾಶೀರಾಮ ಒಳಗಿನಿಂದಲೇ ಉತ್ತರ ಕೊಡುತ್ತಾರೆ.

"ಗ್ವಾಡಿ ಆಚಿದು ಛಲೋ ಕಾಣ್ತದ," ಎಂದು ಇವರೇ ನಗುತ್ತಾರೆ.

ಇನ್ನು ಕಾಳಿನ ಕಥೆ. ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ಜೋಳದ ಕಾಳು ಇಡಬೇಕು ಎನ್ನುವುದು ಅತ್ತೆ ಹಾಕಿಕೊಟ್ಟ ಪಾಠ. ಕೌದಿ ಹಸಿದಿರಬಾರದು, ಅದು ಹಸಿದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ. ಬಾಟಲಿಯ ಚೀಲವೂ ಕೌದಿಯ ಮಗಳೇ ಎಂದುಕೊಂಡು ಕೌಸಲ್ಯಾಬಾಯಿ ಅದಕ್ಕೂ ಕಾಳು ಹಾಕುತ್ತ ಬಂದರು. ಆದರೆ ಕೌದಿ ಒಣಗಿರುತ್ತದೆ, ತಣ್ಣನೆಯ ಬಾಟಲಿ ಬೆವರುತ್ತದೆ. ಹಿಂದಿನೆರಡು ಬೇಸಿಗೆ ಬಾರಿನವರು ಚೀಲಗಳನ್ನು ದಿನಾ ಬಿಸಿಲಿಗೆ ಹಾಕುತ್ತಿದ್ದರು. ಈ ಸಲ ಹಾಕಲಿಲ್ಲ. ಹೋದ ತಿಂಗಳು ಸತೀಶಕುಮಾರ ಗಾಡಿ ಹತ್ತಿ ಬಂದವನೇ ಒಂದು ಚೀಲ ತಿರುಗಿಸಿ ತೋರಿಸಿದ. ತಳದಿಂದ ಬೆರಳುದ್ದದ ಹಸಿರು ಮೊಳಕೆ ಇಣುಕುತ್ತಿತ್ತು.

"ಕೌಸಲ್ಯಾಬಾಯಿ, ನಾ ಬಾಟ್ಲಿ ಚೀಲ ಕೇಳಿದ್ದೆ, ಜ್ವಾಳದ ಹೊಲ ಕೇಳಿದ್ದಿಲ್ಲ. ಗಿರಾಕಿ ಹುಳ ಅಂತ ಎದ್ದ ಹೋಗ್ಯಾನ."

ಕೆಲಸವನ್ನೆಲ್ಲ ಸುಮನಳಿಗೇ ಕೊಡುತ್ತೇನೆ ಎಂದ. ಇವರು ಬಿಡಲಿಲ್ಲ. ಕೊನೆಗೆ ಒಂದು ಪರೀಕ್ಷೆ ಒಪ್ಪಿಕೊಂಡ. ಇಬ್ಬರೂ ಇಪ್ಪತ್ತಿಪ್ಪತ್ತು ಚೀಲ ಕಳಿಸಬೇಕು. ಯಾರದು ಗಟ್ಟಿ ಬಾಳುತ್ತದೋ ಅವರಿಗೆ ಇಡೀ ಬೇಸಿಗೆಯ ಕೆಲಸ. ಸೋಮವಾರ ಇಬ್ಬರ ಗಂಟುಗಳೂ ಒಂದೇ ಬಸ್ಸಿನಲ್ಲಿ ಭಾಲ್ಕಿಗೆ ಹೋಗಿವೆ. ಇವತ್ತು ಗುರುವಾರ. ತೀರ್ಮಾನ ಶನಿವಾರ. ಕೆಲಸ ತನಗೇ ಎಂದುಕೊಂಡು ಇಬ್ಬರೂ ಆಗಲೇ ಮುಂದಿನ ಚೀಲಗಳನ್ನು ಶುರು ಮಾಡಿದ್ದಾರೆ.

ಈ ಸಲ ಕೌಸಲ್ಯಾಬಾಯಿ ಹುಷಾರಾಗಿದ್ದಾರೆ. ಕಾಳು ಬಿಟ್ಟಿಲ್ಲ, ಹುರಿದು ಹಾಕಿದ್ದಾರೆ. "ಹುರಿದದ್ದೂ ಊಟಾನೇ ಅಲ್ಲೇನ್ರಿ? ಹೊಟ್ಟಿ ತುಂಬ್ತದ, ಮೊಳಕಿ ಒಡಿಯಂಗಿಲ್ಲ."

ಮತ್ತೆ ಸುಮನ? ಅವಳು ಇಂಥದ್ದೆಲ್ಲ ಮಾಡುವುದಿಲ್ಲವೇ?

ಕೌಸಲ್ಯಾಬಾಯಿ ಸೂಜಿ ಕೆಳಗಿಡುತ್ತಾರೆ. ಗೋಡೆಯ ಕಡೆ ನೋಡಿ ದನಿ ಇಳಿಸುತ್ತಾರೆ. ಹೋದ ಭಾನುವಾರ ಗಾಳಿಗೆ ಸುಮನಳ ಹಗ್ಗದಿಂದ ಒಂದು ಚೀಲ ಇವರ ಅಂಗಳಕ್ಕೆ ಬಿತ್ತಂತೆ. ಹೊಲಿಗೆ ನೆಟ್ಟಗಿತ್ತು, ಅದಕ್ಕೇ ಸಂಕಟವಾಯಿತು. ಸುಮ್ಮನೆ ತಳ ಒತ್ತಿ ನೋಡಿದರು. ಹೆಬ್ಬೆರಳಿಗೆ ಕಾಳು ಹತ್ತಿತು.

"ಅಕೀನೂ ಹಾಕ್ತಾಳ್ರಿ. ಅತ್ತಿ ಮಾತ ಮರ್ತಿಲ್ಲ. ಖರೇ ಹೇಳ್ತೇನಿ, ಕಣ್ಣಾಗ ನೀರ ಬಂತು. ಆದ್ರ ಹಸಿ ಕಾಳ್ರಿ ಅದು. ಹುರಿದದ್ದಲ್ಲ."

ಮೊಳಕೆಯ ಸುದ್ದಿ ಸುಮನಳಿಗೆ ಗೊತ್ತೇ ಇಲ್ಲ. ಗಂಟು ಕಟ್ಟುವ ಮುಂಚೆ ಹೇಳಬಹುದಿತ್ತು.

"ಹೇಳ್ಬೇಕಂತ ಮೂರ್ ಸಲ ಗ್ವಾಡಿ ತನಕ ಹೋಗಿದ್ದೇರಿ. ಮೂರೂ ಸಲ ಆ ಮಶೀನ್ ಸಪ್ಪಳ ಕೇಳಿ ವಾಪಸ್ ಬಂದೆ. ಹೊಟ್ಟಿಕಿಚ್ಚು ಭಾಳ ಕೆಟ್ಟದ್ರಿ. ಅದಕ್ಕ ಮಾತ್ರ ಯಾವ ಕಂಬ್ಳಿ ಸುತ್ತಿದ್ರೂ ತಣ್ಣಗಾಗಂಗಿಲ್ಲ."

ಆಚೆ ಯಂತ್ರ ನಿಂತಿದೆ. "ಅಕ್ಕಾ, ಬ್ಯಾಳಿ ಹಾಕಿದ್ಯೇನು? ಹುರದ ವಾಸ್ನಿ ಬರ್ಲಿಕತ್ತದ," ಎಂದು ಸುಮನ ಕೂಗುತ್ತಾಳೆ.

"ಹೂಂ ಸುಮನ, ಬ್ಯಾಳಿ," ಎನ್ನುತ್ತಾರೆ ಕೌಸಲ್ಯಾಬಾಯಿ, ಹುರಿದ ಜೋಳದ ಮೇಲೆ ತಟ್ಟೆ ಮುಚ್ಚುತ್ತ.

ಇನ್ನೊಂದು ಚೀಲದ ತಳ ಮುಚ್ಚಿ, ದಾರ ಹಲ್ಲಿನಿಂದ ಕಡಿದು ಕೇಳುತ್ತಾರೆ: "ನಿಮ್ಮ ಪೇಪರ್ ಯಾವತ್ತ ಬರ್ತದ್ರಿ?"

ಭಾನುವಾರ ಎಂದಾಗ ಬೆರಳು ಮಡಚಿ ಎಣಿಸುತ್ತಾರೆ. ಶುಕ್ರವಾರ, ಶನಿವಾರ. ಮುಖ ಹಗುರಾಗುತ್ತದೆ.

"ಹಂಗಾದ್ರ ಬರೀರಿ. ಸುಮನಗ ಓದ್ಲಿಕ್ಕ ಬರ್ತದ. ಕಾಳ ಹುರಿದ ಹಾಕು ಅಂತ ನಿಮ್ಮಕ್ಕ ಹೇಳ್ಯಾಳ, ಅಂತ ದಪ್ಪ ಅಕ್ಷರದಾಗ ಬರೀರಿ. ಯಾವತ್ತ ಹೇಳ್ಯಾಳ ಅಂತ ಮಾತ್ರ ಬರೀಬ್ಯಾಡ್ರಿ."