ರಟ್ಟಿನ ಒಳಗಿದ್ದ ಹಾಳೆ

ಅವರ ಎಡಗೈ ಹೆಬ್ಬೆರಳಿನ ಉಗುರು ಮೈದಾ ಅಂಟು ಮೆತ್ತಿ ಮೆತ್ತಿ ಬಿರುಸಾಗಿತ್ತು. ಪುಸ್ತಕ ಕೈಗೆ ಬಂದರೆ ಮೊದಲ ಹಾಳೆಯ ಬುಡದಲ್ಲಿ ಆ ಉಗುರು ಎಳೆಯುತ್ತಿದ್ದರು. ಹೊಲಿಗೆಯಲ್ಲೇ ಬಂದ ಹಾಳೆಯೋ, ಆಮೇಲೆ ಅಂಟಿಸಿದ್ದೋ ಎಂದು ತಿಳಿಯಬೇಕಿತ್ತು. ಶಹಾಪುರದ ಬಜಾರದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಅವರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಕನ್ನಡ ಓದಲು ಬಾರದು. ಆದರೂ ಕಾದಂಬರಿಯ ನಿಜವಾದ ಮೊದಲ ಮುದ್ರಣ ಯಾವುದೆಂದು ಹೇಳಬಲ್ಲವರು ಅವರೊಬ್ಬರೇ.

"ಮಾಸ್ತರ್, ಮೊದಲನೇ ಛಾಪಾ ಅಂತ ಬರದದ ಅಂತ ನಂಬಬ್ಯಾಡ್ರಿ. ಆ ಹಾಳಿ ಬ್ಯಾರೆ ಪುಸ್ತಕದ್ದು ಇರತದ. ಹಿಂದಿನ ಜಾಹೀರಾತು ಓದ್ರಿ," ಎನ್ನುತ್ತಿದ್ದರು. ಆಮೇಲೆ ಬಂದ ಕಾದಂಬರಿಯ ಹೆಸರೂ ಅಲ್ಲಿದ್ದರೆ ಬಂಡವಾಳ ಬಯಲು.

ನಿಜಾಮರ ಆಳ್ವಿಕೆ ಮುಗಿದು ಒಂದೆರಡು ವರ್ಷವಾಗಿತ್ತಷ್ಟೆ. ಊರಲ್ಲಿ ಯಾರಿಗೂ ಯಾರ ಮೇಲೂ ಪೂರ್ತಿ ನಂಬಿಕೆ ಇರಲಿಲ್ಲ. ನಾನಂತೂ ಹುಟ್ಟಾ ಸಂಶಯದವನು. ನಿಜಾಮರ ಜೈಲಿನಲ್ಲಿ ತೀರಿಕೊಂಡ ನಮ್ಮಣ್ಣ ಕೊಂಡು ಓದಿದ್ದ ಕಾದಂಬರಿಯೊಂದನ್ನು ರಟ್ಟು ಕಟ್ಟಲು ಕೊಟ್ಟೆ. ಅದರ ಮೊದಲ ಹಾಳೆಯ ಮೇಲೆ ಅಣ್ಣನ ರುಜು, ಬೆನ್ನಿಗೆ ಮೊದಲ ಮುದ್ರಣದ ಗುರುತು. ಪುಸ್ತಕ ಮರಳಿ ಬಂದಾಗ ಆ ಹಾಳೆಯೇ ಇಲ್ಲ.

"ಅಣ್ಣನ ಪುಸ್ತಕ ಬದಲಿ ಮಾಡೀರಿ. ಖರೇದು ಯಾರಿಗೆ ಕೊಟ್ರಿ?" ಎಂದು ಬಜಾರದ ನಡುವೆ ನಿಂತು ಕೂಗಿದೆ. ಜನ ಸೇರಿದರು. ಆ ದಿನಗಳಲ್ಲಿ ಸಾಬರ ಅಂಗಡಿಯ ಮುಂದೆ ಜನ ಸೇರುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಆದರೂ ಕೂಗಿದೆ.

ಚಾಚಾ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ರಟ್ಟಿನ ಒಳಮೈಯ ಕಾಗದದ ಅಂಚನ್ನು ಒದ್ದೆ ಬಟ್ಟೆಯಿಂದ ನೆನೆಸಿ ಮೆಲ್ಲಗೆ ಎಬ್ಬಿಸಿದರು. ಅದರ ಕೆಳಗೆ ಅಣ್ಣನ ರುಜು ಹಾಗೇ ಇತ್ತು.

"ಆಗ ನಿಜಾಮರ ಪೊಲೀಸ್ರು ಮನಿ ಮನಿ ತಲಾಶಿ ಮಾಡ್ತಿದ್ರಲ್ರಿ. ಕನ್ನಡ ಪುಸ್ತಕದಾಗ ಕೈಬರಹ ಕಂಡ್ರ ಹಿಂಗ ಮುಚ್ಚಿ ಕಟ್ಟತಿದ್ದೆ, ಯಾರ ಹೆಸರೂ ಸಿಗಬಾರದಂತ. ಆ ಕಾಲ ಹೋಗ್ಯಾದ, ಕೈಗೆ ಇನ್ನಾ ತಿಳಿದಿಲ್ಲ. ತಪ್ಪಾತ್ರಿ."

ತಪ್ಪಾಯಿತೆಂದವರು ಅವರು. ನಾನು ಆ ಕೈ ಹಿಡಿದು ಅತ್ತೆ, ಕ್ಷಮೆ ಕೇಳಿದೆ. ಹೊರಗೆ ಬಂದಾಗ ಎದುರಿನ ಕಿರಾಣಿ ಅಂಗಡಿಯವನು, "ಸಿಕ್ತೇನ್ರಿ ಮಾಸ್ತರ್?" ಎಂದ. ನಾಚಿಕೆಯಿಂದ "ಸಿಕ್ತು" ಎಂದಷ್ಟೇ ಹೇಳಿ ನಡೆದುಬಿಟ್ಟೆ.

ಕದ್ದದ್ದನ್ನು ಗದರಿಸಿದ ಮೇಲೆ ಕೊಟ್ಟರೆಂದು ಊರು ತಿಳಿದುಕೊಂಡಿತು. ಶಾಲೆಯ ಪುಸ್ತಕಗಳು ರಟ್ಟು ಕಟ್ಟಿಸಲು ಸುರಪುರಕ್ಕೆ ಹೋಗತೊಡಗಿದವು. ಚಾಚಾ ಒಂದು ದಿನವೂ ನನಗೆ ಆಡಿ ತೋರಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಚಾಚಾ ತೀರಿಕೊಂಡಾಗ ಅವರ ಮಣ್ಣಿಗೆ ಹೋಗಿದ್ದೆ. ಪಕ್ಕದಲ್ಲಿ ಅದೇ ಕಿರಾಣಿಯವನು, "ಚಲೋ ಕೆಲಸಗಾರ. ಕೈ ಒಂದು ಶುದ್ಧ ಇರಲಿಲ್ಲ," ಎಂದ. ಅಲ್ಲೇ ನಿಂತು ನಡೆದದ್ದನ್ನೆಲ್ಲ ಎಲ್ಲರಿಗೂ ಕೇಳುವಂತೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ನನ್ನ ಭುಜ ತಟ್ಟಿ, "ಹೌದ್ರಿ ಮಾಸ್ತರ್, ಹೋದವರ ಬಗ್ಗೆ ಹಂಗ ಹೇಳಬೇಕು ಬಿಡ್ರಿ," ಎಂದ.