ಹೀಚಿಗೆ ಕಟ್ಟಿದ ಬಟ್ಟೆ

ಅವರೆಕಾಯಿ ಸುಲಿದ ಕೈಯನ್ನು ಎಷ್ಟು ತೊಳೆದರೂ ಅದರ ವಾಸನೆ ಹೋಗುತ್ತಿರಲಿಲ್ಲ. ಬೆರಳಿಗೆ ಎಣ್ಣೆಯ ಹಾಗೆ ಅಂಟಿಕೊಂಡು ಊಟದ ತಟ್ಟೆಗೂ, ಹೊದೆಯುವ ಕಂಬಳಿಗೂ, ಮಾರನೆಯ ದಿನ ಸ್ಕೂಲಿನ ಪುಸ್ತಕಕ್ಕೂ ಬರುತ್ತಿತ್ತು. ಅದಕ್ಕೆ ನಮ್ಮ ಕಡೆ ಸೊಗಡು ಅನ್ನುತ್ತೇವೆ. ಮೊನ್ನೆ ಹಾಸನದ ಮಾರ್ಕೆಟ್ಟಿನಲ್ಲಿ ಒಬ್ಬ ಹೆಂಗಸು "ಸೊಗಡವರೆ ಕಣಕ್ಕ, ಮೂಸ್ನೋಡು" ಎಂದು ಒಂದು ಕಾಯಿಯನ್ನು ಹಿಸುಕಿ ನನ್ನ ಮೂಗಿಗೇ ಹಿಡಿದಳು. ಮೂಸಿದೆ. ಹಸಿ ಹುಲ್ಲಿನ ವಾಸನೆ, ಅಷ್ಟೇ. ಆದರೂ ಅವಳ ಮುಖ ನೋಡಿ ಕೊಂಡುಕೊಂಡೆ. ಮನೆಗೆ ಬಂದು ಸುಲಿಯುತ್ತಾ ಕೂತರೆ, ಕೈಗೆ ಹತ್ತದ ಆ ವಾಸನೆಯೇ ನನ್ನನ್ನು ಹಿರೀಸಾವೆ ಹತ್ತಿರದ ನಮ್ಮ ಹಳೆಯ ಮನೆಯ ಹಿತ್ತಲಿಗೆ ಎಳೆದುಕೊಂಡು ಹೋಯಿತು. ನಿಮ್ಮನ್ನೂ ಯಾವುದಾದರೂ ಒಂದು ಹಿತ್ತಲು ಹೀಗೆ ಕರೆಯುತ್ತಿರಬೇಕು.

ನಮ್ಮದು ಬಯಲುಸೀಮೆಯ ಹಿತ್ತಲು. ಆಷಾಢದಲ್ಲಿ ಬರೀ ಗಾಳಿ. ಪಡುವಲಿಂದ ಮೋಡವೇನೋ ಬರುತ್ತಿತ್ತು, ಆದರೆ ಇದ್ದುದನ್ನೆಲ್ಲ ದಾರಿಯಲ್ಲೇ ಕೊಟ್ಟು ಬರಿಗೈಯಲ್ಲಿ ಬಂದ ನೆಂಟನ ಹಾಗೆ ಬರುತ್ತಿತ್ತು. ದಸರಾ ಆಸುಪಾಸಿನಲ್ಲಿ ನಾಲ್ಕು ಒಳ್ಳೆ ಮಳೆ ಬಿದ್ದರೆ ಅದೇ ಪುಣ್ಯ. ಆಮೇಲೆ ಮಂಜು. ಕಾರ್ತೀಕ ಕಳೆದು ಧನುರ್ಮಾಸ ಬಂತೆಂದರೆ ಬೆಳಗಿನ ಹೊತ್ತು ಬಾವಿಕಟ್ಟೆಯೇ ಕಾಣುತ್ತಿರಲಿಲ್ಲ. ಆ ಮಂಜು ಕುಡಿದುಕೊಂಡೇ ನಮ್ಮ ಅವರೆ ಬೆಳೆಯುತ್ತಿತ್ತು. ನೀರು ಕೇಳುತ್ತಿರಲಿಲ್ಲ, ಗೊಬ್ಬರ ಕೇಳುತ್ತಿರಲಿಲ್ಲ, ಬೇಲಿಯ ಮೇಲೆಲ್ಲ ಹಬ್ಬಿ ಗೊಂಚಲು ಗೊಂಚಲಾಗಿ ಬಿಡುತ್ತಿತ್ತು. ಸೂರ್ಯ ಏರಿ ಮಂಜು ಆರುವಾಗ ಇಡೀ ಹಿತ್ತಲು ಗಮ್ಮೆನ್ನುತ್ತಿತ್ತು. ಇಷ್ಟೆಲ್ಲ ಇದ್ದರೂ ನಮ್ಮವ್ವ ಅದನ್ನು ತಿರುಗಿಯೂ ನೋಡುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ನಮ್ಮವ್ವನನ್ನು ನೋಡಿಯೇ ಹುಟ್ಟಿರಬೇಕು.

ಅವ್ವನ ಕಣ್ಣೆಲ್ಲ ಅರಕಲಗೂಡಿನ ಕಡೆಗೆ. ಅಲ್ಲಿ ಅವಳ ಒಬ್ಬಳೇ ತಂಗಿ, ನಮ್ಮ ಜಯ ಚಿಕ್ಕವ್ವ, ಮದುವೆಯಾಗಿ ಹೋಗಿದ್ದಳು. ಒಂದೇ ಜಿಲ್ಲೆ, ಎರಡು ಬಸ್ಸು ಬದಲಾಯಿಸಿದರೆ ಮಧ್ಯಾಹ್ನದ ಊಟಕ್ಕೆ ಹೋಗಿಬಿಡಬಹುದು. ಆದರೆ ಹೊಳೆನರಸೀಪುರ ದಾಟಿ ಮುಂದೆ ಹೋದ ಹಾಗೆ ಕಿಟಕಿಯಿಂದ ಬರುವ ಗಾಳಿಯೇ ತಣ್ಣಗಾಗುತ್ತಿತ್ತು. ಚಿಕ್ಕವ್ವನ ಮನೆಯ ಹಿಂದೆ ಸೀಮೆಬದನೆಯ ಚಪ್ಪರ. ತಲೆ ಬಗ್ಗಿಸಿ ಒಳಗೆ ಹೋದರೆ ಮಟಮಟ ಮಧ್ಯಾಹ್ನದಲ್ಲೂ ಹಸಿರು ಕತ್ತಲು, ಮೇಲೆ ಸಾಲುಸಾಲಾಗಿ ತಿಳಿಹಸಿರು ಕಾಯಿ, ಎಲೆಯಿಂದ ಕುತ್ತಿಗೆಗೆ ತೊಟ್ಟಿಕ್ಕುವ ಹನಿ. ಚಿಕ್ಕವ್ವ ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ನಮ್ಮ ಬ್ಯಾಗಿಗೆ ತುಂಬುತ್ತಾ "ತಗಂಡೋಗಕ್ಕ, ನಮ್ಮನೇಲಿ ಎಮ್ಮೆನೂ ತಿನ್ನಲ್ಲ" ಅನ್ನುತ್ತಿದ್ದಳು. ಆ ಒಂದು ಮಾತಿಗೆ ಅವ್ವ ಉರಿದುಹೋಗುತ್ತಿದ್ದಳು. ವಾಪಸ್ಸು ಬರುವಾಗ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಚನ್ನರಾಯಪಟ್ಟಣ ಬರುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಇದೇ ಮಾತು: "ಅವಳ್ ಕೈಗುಣ ಅಂದ್ಕಂಡಿದ್ಯಾ? ಮಳೆಗುಣ ಕಣೆ. ಅಲ್ಲಿ ಒನಕೆ ನೆಟ್ರೂ ಚಿಗುರ್ತದೆ. ಅಲ್ಪಂಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಇಡುದ್ನಂತೆ!" ಪಕ್ಕದಲ್ಲಿ ಕೂತ ನನಗೂ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಆ ತಣ್ಣನೆಯ ಚಪ್ಪರ ನಮಗಿಲ್ಲವಲ್ಲ ಎಂದು. ಹೊಟ್ಟೆಕಿಚ್ಚು ನಮ್ಮವ್ವನ ಆಸ್ತಿ. ಹೊಲ ನನ್ನ ಅಣ್ಣಂದಿರಿಗೆ ಹೋಯಿತು, ಇದು ನನಗೆ ಬಂತು.

ಅವ್ವ ಸುಮ್ಮನೆ ಕೂರುವವಳಲ್ಲ. ಚಿಕ್ಕವ್ವ ಕೊಟ್ಟ ಕಾಯಿಯಲ್ಲೇ ಬಲಿತ ಒಂದನ್ನು ಅಡಿಗೆಮನೆಯ ಮೂಲೆಯಲ್ಲಿ ಇಟ್ಟು, ಅದರ ತುದಿ ಸೀಳಿ ಮೊಳಕೆ ಬಂದಮೇಲೆ ಬಚ್ಚಲ ನೀರು ಹರಿಯುವ ಕಡೆ ಇಡೀ ಕಾಯಿಯನ್ನೇ ನೆಡುತ್ತಿದ್ದಳು. ಬಳ್ಳಿ ಹುಷಾರಾಗಿಯೇ ಮೇಲೇರುತ್ತಿತ್ತು. ಶಿವರಾತ್ರಿ ಕಳೆದು ಬಿಸಿಗಾಳಿ ಎದ್ದಿತೋ, ಎಲೆಗಳೆಲ್ಲ ಹಪ್ಪಳ. ಮರುವರ್ಷ ಮತ್ತೆ ನೆಡುತ್ತಿದ್ದಳು, ಮತ್ತೆ ಹಪ್ಪಳ. ಕೊನೆಗೆ ಒಂದು ವರ್ಷ ಹಟ ಹಿಡಿದು ಅರಕಲಗೂಡನ್ನೇ ನಮ್ಮ ಹಿತ್ತಲಿಗೆ ತರಿಸಿದಳು: ಬಳ್ಳಿಯ ಸುತ್ತ ತೆಂಗಿನ ಗರಿಯ ಗೋಡೆ, ಅದಕ್ಕೆ ಗೋಣಿತಾಟು, ತಾಟಿಗೆ ಹೊತ್ತುಹೊತ್ತಿಗೆ ಬಾವಿಯ ನೀರು. "ಗೌರಮ್ಮ ಬಳ್ಳಿಗೆ ಬಾಣಂತನ ಮಾಡ್ತಾವ್ಳೆ" ಎಂದು ಕೇರಿಯವರು ಆಡಿಕೊಂಡರು. ಆಡಿಕೊಂಡರೆ ಆಡಿಕೊಳ್ಳಲಿ, ಆ ಬೇಸಿಗೆಯನ್ನು ಬಳ್ಳಿ ದಾಟಿತು. ಮಂಜು ಬೀಳುವ ಕಾಲಕ್ಕೆ ಹೂ ಬಿಟ್ಟಿತು. ಒಂದು ಬೆಳಿಗ್ಗೆ ಎಲೆಯ ಮರೆಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದೇ ಒಂದು ಹೀಚು. ನಾನು "ಅವ್ವಾ, ಅಲ್ಲಿ!" ಎಂದು ಕೈ ನೀಡಿದ್ದೇ ತಡ, ಓಡಿ ಬಂದು ನನ್ನ ಕೈಗೆ ಹೊಡೆದಳು. "ಬೆರಳು ಮಡಿಚ್ಕಂಡು ತೋರ್ಸೇ, ಮೂದೇವಿ! ಕೊಳ್ತೋಗ್ಬುಟ್ಟದು." ನಿಮಗೂ ಗೊತ್ತಿರುತ್ತದೆ, ಹೀಚಿಗೆ ಬೆರಳು ಚಾಚಿ ತೋರಿಸಬಾರದು. ನಾನು ಬೆರಳು ಮಡಿಚಿದೆ. ಅವ್ವ ಹಾಗೇ ನಿಂತು ನೋಡುತ್ತಿದ್ದಳು. ನಾವು ಮಕ್ಕಳು ಹುಟ್ಟಿದಾಗಲೂ ಹಾಗೆ ನೋಡಿದ್ದಳೋ ಇಲ್ಲವೋ. "ಇದು ಬಲೀಲಿ. ಬಲಿತ್ಮೇಲೆ ನಾನೇ ತಗಂಡೋಗಿ ಅವಳ್ ಮಡ್ಲಿಗೆ ಆಕ್ತೀನಿ. ನಮ್ಮನೇದು ಕಣೆ, ತಿನ್ನು ಅಂತೀನಿ" ಎಂದಳು.

ಅಷ್ಟರಲ್ಲಿ ಚಿಕ್ಕವ್ವನೇ ಸಂಕ್ರಾಂತಿಗೆ ಬರುವ ಸುದ್ದಿ ಬಂತು. ಪ್ರತಿವರ್ಷ ಅವರೆಕಾಲಕ್ಕೆ ಬರುತ್ತಿದ್ದವಳೇ. ಆದರೆ ಈ ಸಲ ಅವ್ವನಿಗೆ ನಡುಕ ಹುಟ್ಟಿತು. ಹಿಂದಿನ ದಿನ ಸಂಜೆ ತನ್ನ ಹಳೆಯ ಕುಪ್ಪಸದ ತೋಳು ಹರಿದು ಹೀಚಿಗೆ ಸುತ್ತಿ, ಬಾಳೆನಾರಿನಿಂದ ಬಿಗಿಯಾಗಿ ಕಟ್ಟಿದಳು. "ಅವಳ್ ಕಣ್ಣು ಸರಿಯಿಲ್ಲ. ಓಗೋವರ್ಗೂ ಇಂಗೇ ಇರ್ಲಿ." ಚಿಕ್ಕವ್ವ ಬಂದಳು, ಹಬ್ಬ ಮುಗಿದರೂ ಹೋಗಲಿಲ್ಲ. ಆಕಾಶಕ್ಕೂ ಏನು ಬಂದಿತ್ತೋ, ಬಯಲುಸೀಮೆಯ ಸಂಕ್ರಾಂತಿಯಲ್ಲಿ ಎಂದೂ ಇಲ್ಲದ ಮೋಡ ಕವಿದು ತುಂತುರು ಹಿಡಿದುಕೊಂಡಿತು. ಬೇಕಾದಾಗ ಬಾರದ ಮಳೆ ಚಿಕ್ಕವ್ವನ ಸೆರಗು ಹಿಡಿದುಕೊಂಡು ಬಂದ ಹಾಗಿತ್ತು. ಚಿಕ್ಕವ್ವ ಬೆಳಿಗ್ಗೆ ಎದ್ದು ಮುಖ ಕೂಡ ತೊಳೆಯದೆ ಹಿತ್ತಲಿಗೆ ಹೋಗಿ ಅವರೆ ಗಿಡಗಳ ನಡುವೆ ನಿಂತುಬಿಡುತ್ತಿದ್ದಳು. ಅವ್ವ ಅವಳ ಬೆನ್ನ ಹಿಂದೆಯೇ ಇದ್ದು, ಅವಳು ಗರಿಯ ಗೋಡೆಯ ಕಡೆ ತಿರುಗಿದರೆ ಸಾಕು, "ಕಾಫಿ ಆರೋಗ್ತದೆ ಬಾರೇ" ಎಂದು ಎಳೆದುಕೊಂಡು ಬರುತ್ತಿದ್ದಳು. ಅಂತೂ ಚಿಕ್ಕವ್ವ ಚೀಲದ ತುಂಬ ಅವರೆಕಾಯಿ ಹೊತ್ತು ಬಸ್ಸು ಹತ್ತಿದ ಮೇಲೆ ಅವ್ವ ಓಡಿಹೋಗಿ ಬಟ್ಟೆ ಬಿಚ್ಚಿದಳು. ಹೀಚು ಕಪ್ಪಗೆ ಕೊಳೆತು ಲೋಳೆಯಾಗಿ ಅವಳ ಬೆರಳಿಗೆ ಅಂಟಿಕೊಂಡಿತು. ಅವ್ವ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. "ಬಟ್ಟೆ ಒಳಗಿದ್ರೂ ಕಣ್ಣಾಕ್ಬುಟ್ಟೋದ್ಲಲ್ಲೇ" ಎಂದು ಅತ್ತಳು. ನಮ್ಮವ್ವ ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ತಾಟು, ಗರಿ ಎಲ್ಲ ಒಲೆಗೆ ಹೋದವು. ಮತ್ತೆ ಅವಳು ಸೀಮೆಬದನೆ ನೆಡಲಿಲ್ಲ.

ದೊಡ್ಡವಳಾದ ಮೇಲೆ ಆ ಕಥೆ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಒದ್ದೆ ಬಟ್ಟೆ ಸುತ್ತಿದರೆ ಕೊಳೆಯದೆ ಇನ್ನೇನಾಗುತ್ತದೆ, ಕಣ್ಣಂತೆ ಕಣ್ಣು! ಈಗ ಅವ್ವ ಇಲ್ಲ. ಮನೆಯೂ ಇಲ್ಲ, ಹೆದ್ದಾರಿ ಅಗಲವಾದಾಗ ಹಿತ್ತಲು ಮೊದಲು ಹೋಯಿತು, ಉಳಿದರ್ಧವನ್ನು ಅಣ್ಣಂದಿರು ಹೋಟೆಲಿನವರಿಗೆ ಕೊಟ್ಟರು. ಅವರೆ ಬೇಲಿ ಇದ್ದ ಜಾಗದ ಮೇಲೆ ಬಸ್ಸುಗಳು ಬರ್ ಎಂದು ಹೋಗುತ್ತವೆ. ನಾನು ಸೇರಿದ್ದು ಹಾಸನ. ಬಡವರ ಊಟಿ ಅನ್ನುತ್ತಾರಲ್ಲ, ಅಷ್ಟು ತಂಪು ಈಗಿಲ್ಲವಾದರೂ ಸೀಮೆಬದನೆಗೆ ಸಾಕು. ಮನೆಯ ಹಿಂದಿನ ಚೂರು ಜಾಗದಲ್ಲಿ ಒಂದು ಕಾಯಿ ನೆಟ್ಟೆ. ಗೋಣಿತಾಟಿಲ್ಲ, ಬಾಣಂತನವಿಲ್ಲ, ಎರಡೇ ವರ್ಷಕ್ಕೆ ಚಪ್ಪರ ಕುಸಿಯುವಷ್ಟು ಕಾಯಿ. ಈಗ ನಾನು ಚೀಲ ಹಿಡಿದು ಹೊರಟರೆ ಅಕ್ಕಪಕ್ಕದವರು ಬಾಗಿಲು ಹಾಕಿಕೊಳ್ಳುತ್ತಾರೆ. ಪಕ್ಕದಲ್ಲೇ ಅವರೆಯನ್ನೂ ಹಾಕಿದ್ದೇನೆ. ಕಾಯಿ ಬಿಡುತ್ತದೆ. ಮಂಜು ಬೀಳುವ ಕಾಲಕ್ಕೆ ಮಳೆ, ಮಳೆಯ ಕಾಲಕ್ಕೆ ಬಿಸಿಲು. ಸೊಗಡು ಎಲ್ಲಿಂದ ಬರಬೇಕು?

ಈ ಸಲ ಅವರೆಕಾಲದಲ್ಲಿ ಚಿಕ್ಕವ್ವ ಕಣ್ಣು ತೋರಿಸಿಕೊಳ್ಳಲು ಹಾಸನಕ್ಕೆ ಬಂದಿದ್ದಳು. ಎರಡು ಕಣ್ಣಿಗೂ ಪೊರೆ. ಕಾಫಿಯನ್ನೂ ಕೊಡದೆ ಮೊದಲು ಚಪ್ಪರದ ಕೆಳಗೆ ಕರೆದುಕೊಂಡು ಹೋದೆ. ಉರಿಯಲಿ ಎಂದೇ. ಅವ್ವ ಅನುಭವಿಸಿದ್ದರಲ್ಲಿ ಒಂದು ಚೂರಾದರೂ ಇವಳಿಗೆ ಆಗಲಿ ಎಂದೇ. ಚಿಕ್ಕವ್ವ ಕೈಯೆತ್ತಿ ಕಾಯಿಗಳನ್ನು ಸವರಿ "ಚೆನ್ನಾಗ್ ಬಿಟ್ಟದೆ ಬುಡವ್ವ" ಎಂದಳು. ಅಷ್ಟೇ. ಆಮೇಲೆ ಗಾಳಿಗೆ ಅಲುಗುವ ಗಿಡದ ಸದ್ದು ಹಿಡಿದು ಅವರೆಯ ಕಡೆ ನಡೆದು, ಒಂದು ಕಾಯಿ ಕಿತ್ತು ಹಿಸುಕಿ ಮೂಸಿದಳು.

"ಸೊಗಡೇ ಇಲ್ವಲ್ಲೇ."

"ಎಲ್ಲಿ ಬತ್ತದೆ ಚಿಕ್ಕವ್ವ, ಮಂಜೇ ಇಲ್ಲ."

"ಅಕ್ಕನ್ ಹಿತ್ಲಾಗೆ ಇತ್ತಲ್ಲ... ನಮ್ಕಡೆ ಜಡಿ ಮಳೇಗೆ ಹೂವೆಲ್ಲ ಉದುರೋಗೋದು. ಅವಳು ಆ ಗಿಡ್ಗುಳ್ನ ಕಣ್ಣೆತ್ತಿ ನೋಡ್ತಿರ್ಲಿಲ್ಲ. ನಂಗೆ ಹೊಟ್ಟೆ ಉರ್ದೋಗೋದು ಕಣೆ." ಕೈಯಲ್ಲಿದ್ದ ಕಾಯಿಯನ್ನು ಇನ್ನೊಮ್ಮೆ ಮೂಸಿ ಅಂದಳು: "ಒಂದ್ಸಲ ಹೀಚಿಗೆ ಬಟ್ಟೆ ಕಟ್ಟಿದ್ಲು. ನೋಡ್ದೆ. ನೀರು ತೊಟ್ಟಿಕ್ತಿತ್ತು. ಕೊಳೀತದೆ ಅಂತ ನಂಗೆ ಗೊತ್ತಿಲ್ವಾ, ಮಳೇಲೇ ಬಾಳಿದೋಳು. ಬಿಚ್ಚಕ್ಕ ಅನ್ನೋ ಮಾತು ಬಾಯ್ತಂಕ ಬಂತು. ಅಷ್ಟ್ರಲ್ಲಿ ಅವರೆ ವಾಸ್ನೆ ಬಂತು. ಇಷ್ಟಿದ್ದೂ ಅದೂ ಬೇಕಾ ಇವಳ್ಗೆ ಅನ್ನುಸ್ತು. ಸುಮ್ಕಾದೆ."

ಕಣ್ಣಿನ ವಿಷಯದಲ್ಲಿ ಅವ್ವ ಹೇಳಿದ್ದು ಸುಳ್ಳಾಗಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದವಳು ಬೇರೇನೋ ಕೇಳಿದೆ. "ನನ್ ಸೀಮೆಬದ್ನೆ ನೋಡಿ ಉರೀಲಿಲ್ವಾ ಚಿಕ್ಕವ್ವ?"

"ನಿನ್ ಮ್ಯಾಲೆ ಯಾಕವ್ವ ಉರೀಲಿ? ನೀನು ನಮ್ ಮಗ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಕ್ಕಂದಾಗಿದ್ರೆ ಉರೀತಿತ್ತು."

ಹೊರಡುವಾಗ ಬ್ಯಾಗಿಗೆ ಸೀಮೆಬದನೆ ತುಂಬಲು ಹೋದರೆ "ಅರ್ಕಲ್ಗೂಡ್ಗಾ?" ಎಂದು ನಕ್ಕು ತೆಗೆದಿಟ್ಟಳು. ಸೊಗಡಿಲ್ಲದ ನಾಲ್ಕು ಅವರೆಕಾಯಿಯನ್ನು ಮಾತ್ರ ಸೆರಗಿನ ತುದಿಗೆ ಕಟ್ಟಿಕೊಂಡಳು. ಅವಳನ್ನು ಬಸ್ಸು ಹತ್ತಿಸಿ ಬಂದು ಚಪ್ಪರದ ಕೆಳಗೆ ನಿಂತೆ. ಹೊಸ ಹೀಚುಗಳು ಬಿಟ್ಟಿದ್ದವು. ಎಷ್ಟು ಹೊತ್ತು ಬೇಕಾದರೂ ಬೆರಳು ಚಾಚಿ ತೋರಿಸಬಹುದು, ಕಣ್ಣು ಹಾಕುವವರಿಲ್ಲ, ಬಟ್ಟೆ ಕಟ್ಟುವ ಅಗತ್ಯವೇ ಇಲ್ಲ. ಆ ಅಕ್ಕತಂಗಿಯರಿಬ್ಬರನ್ನು ನೆನೆದು ನನಗೆ ಹೊಟ್ಟೆ ಉರಿಯಿತು. ನನಗೆ ಅಕ್ಕತಂಗಿಯರು ಯಾರೂ ಇಲ್ಲ.